ಗೇಟು ಕಿತ್ತ ಗ್ಯಾಸ್ ಗಾಡಿ

ಹೂಂಗುಡುತ್ತ ಕೇಳಿ. ಆದರೆ ಈ ಕತೆಯಲ್ಲಿ ಹೂಂ ಅನ್ನುವುದಕ್ಕೆ ಮುಂಚೆ ಒಂದು ಗಳಿಗೆ ಯೋಚನೆ ಮಾಡಿ. ಯಾಕೆ ಅನ್ನುವುದು ಕೊನೆಗೆ ತಿಳಿಯುತ್ತದೆ.

ದಾವಣಗೆರೆ ಕಡೆಯ ಒಂದೂರಲ್ಲಿ ಸರ್ವಮಂಗಳಮ್ಮ ಅಂತ ಒಬ್ಬ ತಾಯಿ. ಆ ಕಾಲಕ್ಕೇ ಕಾಲೇಜು ಓದಿ ಬಿ.ಎ. ಪಾಸಾದವಳು. ಗಂಡ ತೀರಿಹೋದ ಮೇಲೆ ಅವನು ಬಿಟ್ಟುಹೋದ ಕಾಂಕ್ರೀಟ್ ಮಷೀನನ್ನು ಬಾಡಿಗೆಗೆ ಕೊಟ್ಟು ಸಂಸಾರ ಸಾಗಿಸಿದವಳು. ಸುತ್ತಲ ಹಳ್ಳಿಗಳಲ್ಲಿ ಯಾರ ಮನೆಗೆ ಮೋಲ್ಡ್ ಹಾಕಲಿ, ಅಂದರೆ ಯಾರ ಮನೆಯ ತಾರಸಿಗೆ ಕಾಂಕ್ರೀಟು ಸುರಿಯಲಿ, ಅವಳ ಮಷೀನೇ ಹೋಗಬೇಕು.

ಅವಳಿಗೊಬ್ಬನೇ ಮಗ, ಮುರಿಗೆಪ್ಪ. ಮುರಿಗೆಪ್ಪನ ಕೈ ಚುರುಕು, ತಲೆ ಮಂದ. ಸ್ಟೇರಿಂಗ್ ಹಿಡಿದರೆ ದಾರಿಯಲ್ಲಿ ಮಲಗಿದ ಎಮ್ಮೆ ಕಿವಿ ಸಹ ಅಲ್ಲಾಡಿಸದ ಹಾಗೆ ಗಾಡಿ ಓಡಿಸುತ್ತಿದ್ದ. ಆದರೆ ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿದ್ದ. ಕೂದಲೆಳೆಯಷ್ಟು ಹೆಚ್ಚಿಲ್ಲ, ಕೂದಲೆಳೆಯಷ್ಟು ಕಡಿಮೆಯಿಲ್ಲ. "ಬಾಗಿಲು ನೋಡ್ಕೊಂಡಿರು" ಅಂದರೆ ಬಾಗಿಲ ಮುಂದೆ ಕೂತು ಬಾಗಿಲನ್ನೇ ನೋಡುತ್ತಿದ್ದ. ಹಿತ್ತಿಲ ಕಡೆಯಿಂದ ದನ ನುಗ್ಗಿ ಹಿಟ್ಟು ತಿಂದರೆ ಅದು ಅವನ ಪಾಲಿನ ಕೆಲಸವಲ್ಲ.

ಹೀಗಿರುವಾಗ ಮಷೀನು ಎಳೆಯುತ್ತಿದ್ದ ಹಳೇ ಜೀಪು ಕೆಮ್ಮಿ ಕೆಮ್ಮಿ ಒಂದು ದಿನ ನಿಂತೇ ಹೋಯಿತು. ಶುಕ್ರವಾರ ಗುಡ್ಡದೂರಿನ ಹಾಲವ್ವನ ಮನೆಗೆ ಮೋಲ್ಡ್ ಹಾಕಬೇಕು. ಹಾಲವ್ವ ಮುದುಕಿ, ಒಂಟಿ ಜೀವ. ಹಳೇ ಮನೆ ಕೆಡವಿ ದನದ ಕೊಟ್ಟಿಗೆಯಲ್ಲಿ ಮಲಗುತ್ತಿದ್ದಳು. ಹಲಗೆ ಬಡಿದಾಗಿದೆ, ಕಂಬಿ ಕಟ್ಟಿಯಾಗಿದೆ, ಮೇಲೆ ನೋಡಿದರೆ ಮೋಡ ದಿನದಿನಕ್ಕೆ ಕರ್ರಗಾಗುತ್ತಿದೆ. ಮಳೆಗೆ ಮುಂಚೆ ಮೋಲ್ಡ್ ಬೀಳದಿದ್ದರೆ ಹಲಗೆಯೆಲ್ಲ ಉಬ್ಬಿ ಕೆಲಸ ಮಣ್ಣುಪಾಲು. "ಶುಕ್ರವಾರ ಬೆಳಿಗ್ಗೆ ಮಷೀನು ನಿನ್ನ ಬಾಗಿಲಲ್ಲಿರುತ್ತೆ ಹಾಲವ್ವ" ಅಂತ ಸರ್ವಮಂಗಳಮ್ಮ ಮಾತು ಕೊಟ್ಟಿದ್ದಾಳೆ.

ಅವಳೇ ಹೋಗಿ ಬೇರೆ ಗಾಡಿ ನೋಡೋಣವೆಂದರೆ ಮಂಡಿ ಎರಡೂ ಕೈಕೊಟ್ಟಿವೆ. ಮುಂದಿನ ವಾರ ಆಪರೇಷನ್ನು. ಆಮೇಲೆ ಅವಳಿಗೆ ಮಂಚ, ಮಷೀನು ಮುರಿಗೆಪ್ಪನ ಕೈಗೆ.

ಮಗನನ್ನು ಕರೆದಳು.

"ಮುರಿಗಾ, ಪೇಟೆಗೆ ಹೋಗು. ಪಿಕಪ್ ಗಾಡಿ ನೋಡು. ಹಾಲವ್ವನ ಗುಡ್ಡ ಹತ್ತಬೇಕು, ಹಿಂದೆ ನಮ್ಮ ಮಷೀನು ಎಳೀಬೇಕು. ಅಂಗಡಿಯವರ ಬಣ್ಣದ ಮಾತು ನಂಬಬೇಡ. ಏನಾದರೂ ಕಟ್ಟಿ, ಎಳೆಸಿ ನೋಡು. ತಿಳೀತಾ?"

"ತಿಳೀತವ್ವಾ! ಏನಾದರೂ ಕಟ್ಟೋದು, ಎಳೆಸೋದು!"

ಹೋದ. ಅಂಗಡಿಯವನು ಒಂದು ಗ್ಯಾಸಿನ ಪಿಕಪ್ ತೋರಿಸಿದ. "ಅಣ್ಣಾ, ಗ್ಯಾಸಿನ ಗಾಡಿಗೆ ಎಳೆತ ಇಲ್ಲ ಅಂತಾರೆ ಜನ. ಎಲ್ಲಾ ಸುಳ್ಳು! ಇದು ಆನೆ!" ಅಂದ. ಚಹಾ ತರಿಸುತ್ತೇನೆ ಅಂತ ಅವನು ಆಚೆ ಹೋದದ್ದೇ ತಡ, ಮುರಿಗೆಪ್ಪ ಸುತ್ತ ನೋಡಿದ. ಏನಾದರೂ ಕಟ್ಟಬೇಕಲ್ಲ? ಅಂಗಡಿಯ ಕಬ್ಬಿಣದ ಗೇಟು ಕಂಡಿತು. ಸರಪಳಿ ಬಿಗಿದ. ಗಾಡಿ ಹತ್ತಿದ. ಗಾಡಿ ಗುರ್ ಅಂತು, ಗೇಟು ಕಿರ್ ಅಂತು, ಕಲ್ಲುಕಂಬ ಸಮೇತ ಕಿತ್ತುಕೊಂಡು ರಸ್ತೆಗೆ ಬಂತು!

ಸಂಜೆ ಮನೆಗೆ ಬಂದವನ ಮುಖ ಅರಳಿತ್ತು. ಅಂಗಡಿಯವನ ಫೋನು ಅವನಿಗಿಂತ ಮುಂಚೆ ಬಂದಿತ್ತು.

"ಅಯ್ಯೋ ಪೆದ್ದೇ!" ಅಂತ ಸರ್ವಮಂಗಳಮ್ಮ ಹಣೆ ಬಡಿದುಕೊಂಡಳು. "ಗೇಟು ಕಟ್ಟಿ ಎಳೀತಾರೇನೋ?"

"ಏನಾದರೂ ಕಟ್ಟು ಅಂತ ನೀನೇ ಹೇಳಿದ್ದಲ್ಲವ್ವಾ!"

"ಗಾಲಿ ಇರೋದನ್ನ ಕಟ್ಟಬೇಕು ಮಗನೇ! ಗಾಲಿ! ನಮ್ಮ ಮಷೀನಿಗೆ ಗಾಲಿ ಇಲ್ಲವೇನೋ?"

"ಹಂಗಾದರೆ ಗಾಲಿ ಇರೋದನ್ನೇ ಕಟ್ತೀನವ್ವಾ!"

ಮಾರನೇ ದಿನ ಇನ್ನೊಂದು ಅಂಗಡಿಗೆ ಹೋದ. ಅಲ್ಲಿ ಡೀಸೆಲ್ ಪಿಕಪ್ ಇತ್ತು. ಅವರು ಕೀಲಿ ಕೊಟ್ಟು, "ಒಂದು ಸುತ್ತು ಓಡಿಸಿ ನೋಡಿ" ಅಂದರು. ಮುರಿಗೆಪ್ಪ ರಸ್ತೆಗಿಳಿದ. ಗಾಲಿ ಇರೋದು ಏನಿದೆ? ಮೂಲೆಯಲ್ಲಿ ದಾದಾಪೀರನ ಮಿರ್ಚಿ ಮಂಡಕ್ಕಿ ಗಾಡಿ ನಿಂತಿತ್ತು. ನಾಲ್ಕು ಗಾಲಿ! ಮುರಿಗೆಪ್ಪನಿಗೆ ಆದ ಸಂತೋಷ ಹೇಳತೀರದು. ದಾದಾಪೀರ ಆಗಷ್ಟೇ ಒಗ್ಗರಣೆ ಮಂಡಕ್ಕಿ ಕಲಸಿಟ್ಟು, ಒಲೆ ಹಚ್ಚುವುದಕ್ಕೆ ಮುಂಚೆ ಕೈ ತೊಳೆಯಲು ನಲ್ಲಿಗೆ ಹೋಗಿದ್ದ. ಇವನು ಹಗ್ಗ ಬಿಗಿದ. ಹೊರಟ.

ಗಾಡಿ ಮುಂದೆ, ಮಂಡಕ್ಕಿ ಹಿಂದೆ, ಅದರ ಹಿಂದೆ ದಾದಾಪೀರ! "ಏ ನಿಲ್ಸೋ! ಏ ನನ್ನ ಗಾಡಿ!" ರಸ್ತೆ ತುಂಬ ಮಂಡಕ್ಕಿ ಹಾರಿತು. ಮೆಣಸಿನಕಾಯಿ ಉರುಳಿದವು. ಕಾಗೆಗಳಿಗೆ ಹಬ್ಬ. ಕೆರೆ ಏರಿಗೆ ಹತ್ತುವ ಚಡಾವು ಬಂತು ನೋಡಿ, ಡೀಸೆಲ್ ಗಾಡಿ ಗಕ್ಕನೆ ನಿಂತುಬಿಟ್ಟಿತು. ಆಗ ದಾದಾಪೀರ ಬಂದು ಮುರಿಗೆಪ್ಪನ ಕೊರಳಪಟ್ಟಿ ಹಿಡಿದು ಸರ್ವಮಂಗಳಮ್ಮನ ಮುಂದೆ ತಂದು ನಿಲ್ಲಿಸಿದ.

"ಅಮ್ಮಾರೆ, ನಿಮ್ಮ ಮುಖ ನೋಡಿ ಬಿಟ್ಟೀನಿ. ಇಲ್ಲಾಂದ್ರೆ ಇವತ್ತು ಇವನನ್ನೇ ಹಿಟ್ಟಿನಾಗೆ ಅದ್ದಿ ಎಣ್ಣೆಗೆ ಬಿಡ್ತಿದ್ದೆ!"

"ಅಯ್ಯೋ ಪೆದ್ದೇ! ಮಂದಿ ಅನ್ನದ ಗಾಡಿ ಕಟ್ಟಿಕೊಂಡು ಹೋಗ್ತಾರೇನೋ?"

"ಗಾಲಿ ಇರೋದನ್ನ ಕಟ್ಟು ಅಂತ ನೀನೇ ಹೇಳಿದ್ದಲ್ಲವ್ವಾ!"

"ಅದರ ಯಜಮಾನರನ್ನ ಕೇಳಬೇಕು! ಅವರು ಹೂಂ ಅಂದಮೇಲೆ ಕಟ್ಟಬೇಕು!"

"ಹಂಗಾದರೆ ಹೂಂ ಅನ್ನಿಸಿಕೊಂಡೇ ಕಟ್ತೀನವ್ವಾ!"

ದಾದಾಪೀರನನ್ನು ಸಮಾಧಾನ ಮಾಡಿ ಕಳಿಸಿ ಸರ್ವಮಂಗಳಮ್ಮ ಕಂಬಕ್ಕೊರಗಿ ಕೂತಳು. ಶುಕ್ರವಾರಕ್ಕೆ ನಡುವೆ ಒಂದೇ ದಿನ. ದೂರದಲ್ಲೆಲ್ಲೋ ಗುಡುಗಿತು. ಆಗ ಅವಳಿಗೆ ಏನೋ ಹೊಳೆದು ತಲೆ ಎತ್ತಿದಳು.

"ಮುರಿಗಾ, ಮಂಡಕ್ಕಿ ಎಳೆದದ್ದು ಯಾವ ಗಾಡಿ?"

"ಡೀಸೆಲ್ದವ್ವಾ. ಏರೀಲಿ ನಿಂತೋಯ್ತು."

"ಗೇಟು ಕಿತ್ತದ್ದು?"

"ಗ್ಯಾಸಿಂದು. ಕಂಬಾನೂ ಕಿತ್ತಿತು!"

ಸರ್ವಮಂಗಳಮ್ಮ ಅಂಗಡಿಯವನಿಗೆ ಫೋನು ಮಾಡಿದಳು. "ನಿಮ್ಮ ಗೇಟು ನಾನು ಕಟ್ಟಿಸಿಕೊಡ್ತೀನಿ. ಆ ಗ್ಯಾಸಿನ ಗಾಡಿ ನಮಗಿರಲಿ."

ಶುಕ್ರವಾರ ಬೆಳಿಗ್ಗೆ ಗಾಡಿಗೆ ಹೂವಿನ ಸರ ಹಾಕಿ, ನಿಂಬೆಹಣ್ಣು ಗಾಲಿಗಿಟ್ಟು, ಹಿಂದೆ ಮಷೀನನ್ನು ಎಳೆಯುವ ಮೂಕಿ ಸಿಕ್ಕಿಸಿ ಹೊರಟರು. ಮಂಡಿ ನೋಯಲಿ, ಸಾಯಲಿ, ಈ ಸಲ ಸರ್ವಮಂಗಳಮ್ಮ ತಾನೇ ಪಕ್ಕದಲ್ಲಿ ಹತ್ತಿ ಕೂತಳು. ಮೇಸ್ತ್ರಿ ತಿಪ್ಪೇಶಪ್ಪ ಆಳುಗಳನ್ನು ಕರೆದುಕೊಂಡು ಮೊದಲ ಬಸ್ಸಿಗೇ ಗುಡ್ಡದೂರಿಗೆ ಹೋಗಿದ್ದ.

ದಾರಿಯಲ್ಲಿ ಗ್ಯಾಸ್ ಬಂಕು. ಅಲ್ಲಿನ ಪದ್ಧತಿ ನಿಮಗೆ ಗೊತ್ತೇ ಇದೆ. ಸರ್ವಮಂಗಳಮ್ಮ ಒಂದೊಂದಾಗಿ ಬಿಡಿಸಿ ಹೇಳಿದಳು.

"ಕೇಳು ಮುರಿಗಾ. ಗ್ಯಾಸ್ ಬಂಕಲ್ಲಿ ಫೋನು ಆರಿಸಬೇಕು. ಒಂದು ನರಪಿಳ್ಳೆನೂ ಗಾಡಿ ಒಳಗೆ ಕೂತಿರಬಾರದು. ನಾನೂ ಇಳೀತೀನಿ. ತುಂಬಿದ ಮೇಲೆ ನೀನು ಹತ್ತು. ಸೀದಾ ಹಾಲವ್ವನ ಮನೆಗೆ ಬಿಡು. ಯಾರು ಕೂಗಿದರೂ ನಿಲ್ಲಿಸಬೇಡ, ಮಳೆ ಬರೋ ಹಂಗಿದೆ. ಅಲ್ಲಿ ಮಷೀನಿಗೆ ಮೇಸ್ತ್ರಿ ಹೇಳಿದಷ್ಟು ಬುಟ್ಟಿ ಜಲ್ಲಿ, ಮರಳು ಹಾಕು, ಅಷ್ಟೇ ಹಾಕು."

"ಆಗಲವ್ವಾ!"

ಮುರಿಗೆಪ್ಪ ಫೋನು ಆರಿಸಿದ. ಅವ್ವನನ್ನು ಕೈಹಿಡಿದು ಇಳಿಸಿದ. ಗ್ಯಾಸು ತುಂಬಿತು. ಅವನು ಹತ್ತಿದ. ಸೀದಾ ಬಿಟ್ಟ!

"ಏ ಮುರಿಗಾ! ನಿಲ್ಸೋ! ನಾನಿಲ್ಲೇ ಇದೀನಲ್ಲೋ!"

ಯಾರು ಕೂಗಿದರೂ ನಿಲ್ಲಿಸಬೇಡ ಅಂದಿದ್ದಳಲ್ಲ? ಅವನು ನಿಲ್ಲಿಸಲಿಲ್ಲ. ಗಾಡಿ ಹೋಯಿತು, ಹಿಂದೆ ಮಷೀನು ಹೋಯಿತು, ಧೂಳು ಉಳಿಯಿತು.

ಸರ್ವಮಂಗಳಮ್ಮ ಕುಂಟುತ್ತ ಪಂಪಿನಿಂದ ದೂರ, ಬಂಕಿನ ಆಫೀಸಿನ ಬಾಗಿಲಿಗೆ ಹೋಗಿ ಮಗನ ನಂಬರು ಒತ್ತಿದಳು. ಫೋನು ಮಾಡಿದಳು. ಆರಿಸು ಅಂದಿದ್ದಳೇ ಹೊರತು ಹಚ್ಚು ಅಂದಿರಲಿಲ್ಲವಲ್ಲ! ತಿಪ್ಪೇಶಪ್ಪನಿಗೆ ಮಾಡಿದಳು. ಗುಡ್ಡದ ಮೇಲೆ ಸಿಗ್ನಲ್ಲೇ ಇಲ್ಲ. ಬಂಕಿನ ಮ್ಯಾನೇಜರ್ ವಾಗೀಶಪ್ಪ ಒಳ್ಳೆಯ ಮನುಷ್ಯ. ಆಫೀಸಿನಿಂದ ಮೆತ್ತನೆಯ ಕುರ್ಚಿ ತಂದು, "ಕೂತ್ಕೊಳ್ಳಿ ಅಮ್ಮಾರೆ, ಎಲ್ಲಿ ಹೋಗ್ತಾನೆ, ಬರ್ತಾನೆ" ಅಂದ.

ಕೂತಳು. ಚಡಾವಿನಲ್ಲಿ ಮೂಕಿ ಕಳಚಿದರೆ? ಇವನು ಬುಟ್ಟಿ ಲೆಕ್ಕ ತಪ್ಪಿ, ಹಾಲವ್ವನ ತಾರಸಿ ನಾಳೆ ಅವಳ ತಲೆಯ ಮೇಲೇ ಬಿದ್ದರೆ? ಮುಂದಿನ ವಾರ ನಾನು ಮಂಚ ಹಿಡಿದಾಗ? ಮೋಡ ನೋಡುವಳು, ರಸ್ತೆ ನೋಡುವಳು. ವಾಗೀಶಪ್ಪ ಕೊಟ್ಟ ಚಹಾ ಕೆನೆಗಟ್ಟಿ ಆರಿತು. ಮಧ್ಯಾಹ್ನ ಕಳೆಯಿತು. ಬಿಸಿಲು ಇಳಿಯಿತು.

ಸಂಜೆ ಮುಂದೆ ಅವಳ ಫೋನು ಹೊಡೆದುಕೊಂಡಿತು. ಗುಡ್ಡ ಇಳಿದು ಸಿಗ್ನಲ್ಲಿಗೆ ಬಂದ ತಿಪ್ಪೇಶಪ್ಪ.

"ಅಮ್ಮಾರೆ! ಮೋಲ್ಡ್ ಬಿತ್ತು!"

"ಬಿತ್ತೇ? ಕೆಳಕ್ಕೆ ಬಿತ್ತೇ?"

"ಅಯ್ಯೋ, ಹಾಕಿ ಮುಗೀತು ಅಂದೆ! ಹೊತ್ತೇರೋ ಮುಂಚೆ ಮಷೀನು ಬಂತು, ಮಧ್ಯಾಹ್ನಕ್ಕೆ ಮುಗೀತು. ನಿಮ್ಮ ಮಗ ಬುಟ್ಟಿ ಹಾಕಿದ ನೋಡಿ, ಬೇರೆ ಆಳುಗಳಾದರೆ ಹಾಳುಹರಟೆ ಹೊಡೀತಾ ಒಂದು ಹೆಚ್ಚು ಒಂದು ಕಡಿಮೆ. ಇವನು ಹೇಳಿದಷ್ಟು, ಅಷ್ಟೇ! ಇನ್ನು ಮಳೆ ಬಂದರೆ ಬರಲಿ, ನೀರುಣಿಸೋ ಕೆಲಸ ತಪ್ಪುತ್ತೆ. ಹಾಲವ್ವ ಅವನಿಗೆ ಹೋಳಿಗೆ ಬಡಿಸಿ ಕಳಿಸ್ಯಾಳೆ."

ಸರ್ವಮಂಗಳಮ್ಮನ ಕಣ್ಣು ತುಂಬಿ ಬಂತು. ಹಿಂದಕ್ಕೊರಗಿ ಕಣ್ಣು ಮುಚ್ಚಿದಳು. ಬೆಳಗಿನಿಂದ ಬಿಗಿದ ಮೈ ಸಡಿಲವಾಗಿ, ಕೂತಲ್ಲೇ ನಿದ್ದೆ ಹತ್ತಿಬಿಟ್ಟಿತು.

ಮುರಿಗೆಪ್ಪ ಬಂದ. ಗಾಡಿ ನಿಲ್ಲಿಸಿದ. ನಿದ್ದೆ ಮಾಡುತ್ತಿದ್ದ ಅವ್ವನನ್ನು ನೋಡಿದ. ಮನೆಗೆ ಕರೆದೊಯ್ಯಬೇಕು. ಆದರೆ ಇದು ಗ್ಯಾಸ್ ಬಂಕು. ಇಲ್ಲಿ ಒಂದು ನರಪಿಳ್ಳೆನೂ ಗಾಡಿ ಒಳಗೆ ಕೂರಬಾರದು. ಹತ್ತು ಅಂತ ಅವ್ವ ಹೇಳಿದ್ದು ತನಗೊಬ್ಬನಿಗೆ. ಏನು ಮಾಡುವುದು? ಬಗ್ಗಿ ನೋಡಿದ. ಆಫೀಸಿನ ಕುರ್ಚಿ! ಕೆಳಗೆ ಪುಟ್ಟ ಪುಟ್ಟ ಗಾಲಿ!

ಓಡಿಹೋಗಿ ವಾಗೀಶಪ್ಪನನ್ನು ಕೇಳಿದ. "ಸಾರ್, ಈ ಕುರ್ಚಿ ನಿಮ್ಮದಾ? ಅವ್ವನಿಗೆ ಬೇಕು, ತಗೊಂಡು ಹೋಗಲಾ?"

ಒಳ್ಳೆಯ ಮನುಷ್ಯ ವಾಗೀಶಪ್ಪ. ಪಾಪ, ಮಂಡಿ ನೋವಿನವರು ಅಂದುಕೊಂಡು, "ಹೂಂ ಹೂಂ, ನಾಳೆ ತಂದುಕೊಡು" ಅಂದ.

ಸರ್ವಮಂಗಳಮ್ಮನಿಗೆ ಎಚ್ಚರವಾದಾಗ ಮುಖಕ್ಕೆ ತಣ್ಣನೆ ಗಾಳಿ ಬಡಿಯುತ್ತಿತ್ತು. ಕಣ್ಣು ಬಿಟ್ಟರೆ ಮುಂದೆ ಮಷೀನು ಗಡಗಡ ಅನ್ನುತ್ತಿದೆ, ಕುರ್ಚಿ ಗಿರಗಿರ ಅನ್ನುತ್ತಿದೆ, ಸೊಂಟಕ್ಕೆ ಹಗ್ಗ ಬಿಗಿದಿದೆ, ಪೇಟೆಬೀದಿ ಎರಡೂ ಕಡೆ ನಿಂತು ನೋಡುತ್ತಿದೆ! ಗಾಡಿ ಮಾತ್ರ ಹೂವೆತ್ತಿದ ಹಾಗೆ, ಆಮೆ ನಡಿಗೆಯಲ್ಲಿ ಹೋಗುತ್ತಿತ್ತು.

"ಮುರಿಗಾ! ನಿಲ್ಸೋ! ನಿಲ್ಸೋ ಪೆದ್ದೇ!"

ಯಾರು ಕೂಗಿದರೂ ನಿಲ್ಲಿಸಬೇಡ ಅಂದಿದ್ದಳಲ್ಲ?

ಮೊದಲ ಮಳೆಹನಿ ಬಿತ್ತು. ಮೂಲೆಯಲ್ಲಿ ದಾದಾಪೀರ ಎರಡೂ ಕೈಯಿಂದ ತನ್ನ ಮಂಡಕ್ಕಿ ಗಾಡಿಯನ್ನು ಗಟ್ಟಿಯಾಗಿ ಅಪ್ಪಿಕೊಂಡು ನಿಂತು, ಹಾದುಹೋಗುತ್ತಿದ್ದ ಬಿ.ಎ. ಪಾಸಾದ ಅಮ್ಮಾರನ್ನು ಕೇಳಿದ:

"ಅಮ್ಮಾರೆ, ಯಜಮಾನರು ಹೂಂ ಅಂದ್ರಾ?"