ಫೋನ್ನಾಗೆ ಸತ್ತ ದ್ಯಾವಮ್ಮ

ಬಾಯಿ ಮುಚ್ಕೊಂಡು ಕೇಳ್ರಲಾ. ಈ ಕತೆಯ ನನ್ನಂಗೆ ಹೇಳೋನು ಸುತ್ತ ಏಳೂರಲ್ಲಿ ಇನ್ನೊಬ್ಬ ಇಲ್ಲ. ಮೊದ್ಲು ಆ ಫೋನ ದೂರ ಮಡಗಿ. ಅದರ ಮ್ಯಾಲೆ ನಂಗೆ ಗುಮಾನಿ.

ಒಬ್ಬಳು ದ್ಯಾವಮ್ಮ. ಅವಳಿಗೊಬ್ಬ ಮಗ, ಮರಿಜವ. ಪೆದ್ದ ಅಂದ್ರೆ ಪೆದ್ದ. ನಿಂತ್ಕೊ ಅಂದ್ರೆ, ಕೂತ್ಕೊ ಅನ್ನೋಗಂಟ ನಿಂತೇ ಇರೋನು. "ಯಾವ ಗಳಿಗೇಲಿ ಹೆತ್ನೋ!" ಅಂತ ಅವಳು ದಿನಾ ಹಣೆ ಚಚ್ಕೊಳ್ಳೋಳು.

ಅವರ ಕೆಳಗಲ ಬೀದೀಗೆ ನಲ್ಲಿ ಇರ್ನಿಲ್ಲ. ನಲ್ಲಿ ಹಾಕುಸ್ತೀನಿ ಅಂತ ದ್ಯಾವಮ್ಮ ಪಂಚಾಯ್ತಿ ಎಲೆಕ್ಷನ್‌ಗೆ ನಿಂತ್ಲು. ಎದುರಿಗೆ ಕ್ಯಾತಣ್ಣ. ಆ ಕ್ಯಾತಣ್ಣ ಮನೆಮನೆಗೂ ಪುಕ್ಕಟೆ ಫೋನು ಹಂಚ್ದ. ಪುಕ್ಕಟೆ ಯಾಕ್ಲಾ ಕೊಟ್ಟ? ಒಬ್ಬನೂ ಕೇಳ್ನಿಲ್ಲ. ನಾನಾಗಿದ್ರೆ ಜುಟ್ಟು ಹಿಡಿದು ಕೇಳ್ತಿದ್ದೆ!

ದ್ಯಾವಮ್ಮ ಅಂದ್ಲು, "ಲೋ ಜವ, ಫೋನ್ನಾಗೆ ನನ್ನ ಫೋಟ ಬಂದ್ರೆ ಹತ್ತು ಜನಕ್ಕೆ ಕಳಿಸ್ಲಾ. ಓಟು ಹಂಗೇ ಬರೋದಂತೆ."

"ಆಯ್ತು ಕಣವ್ವ!"

ಮಾರ್ನೆ ದಿನ ಫೋಟ ಬಂತು. ಫೋಟಕ್ಕೆ ಹಾರ! ಕೆಳಗೆ, "ದ್ಯಾವಮ್ಮ ಶಿವನ ಪಾದ ಸೇರಿದರು. ಸತ್ತವರಿಗೆ ಓಟು ಹಾಕಬೇಡಿ." ಕಳಿಸ್ದೋನು ಯಾರು? ಹೆಸರಿಲ್ಲ, ಬರೀ ನಂಬರು. ಮರಿಜವ ಬೆರಳು ಮಡಿಸಿ ಮಡಿಸಿ ಹತ್ತು ಜನಕ್ಕೆ ಕಳಿಸ್ದ.

ಎದುರುಮನೆ ಸಾಕಮ್ಮ ಎದೆ ಬಡ್ಕೊಂಡು ಓಡಿ ಬಂದ್ರೆ, ದ್ಯಾವಮ್ಮ ಮುದ್ದೆ ತಿರುವ್ತಾ ಕೂತವ್ಳೆ! ಫೋಟ ನೋಡಿ ಮಗನಿಗೆ ಉಗಿದ್ಲು,

"ಥೂ ಮುಂಡೇದೆ! ಬಂದುದ್ದೆಲ್ಲಾ ಕಳಿಸ್ತಾರೇನ್ಲಾ? ದಿಟವೋ ಸುಳ್ಳೋ ಅಂತ ಜನವ ಕೇಳ್ಬೇಕು!"

"ಆಯ್ತು ಕಣವ್ವ!"

ಹೊಂಟ. ಮಿಕ್ಕ ಒಂಬತ್ತು ಮನೆ ಬಾಗಿಲು ತಟ್ಟಿದ.

"ನಮ್ಮವ್ವ ಸತ್ತಿರೋದು ದಿಟವಾ?"

"ದಿಟ ಕಣಪ್ಪ. ಫೋನ್ನಾಗೇ ಬಂದದಲ್ಲ!"

"ಯಾರು ಕಳಿಸಿದ್ರು?"

"ನೀನೇ ಅಲ್ವೇನ್ಲಾ? ಹೆತ್ತ ಮಗನೇ ಕಳಿಸಿದ ಮ್ಯಾಲೆ ಸುಳ್ಳಾದದಾ?"

ಒಂಬತ್ತು ಮನೇಲೂ ಅದೇ ಮಾತು. ನೆಟ್ಟಗೆ ಹೋಗಿ ತಲೆ ಬೋಳಿಸ್ಕೊಂಡು, ಅಳ್ತಾ ಮನೆಗೆ ಬಂದ.

"ಅಯ್ಯಯ್ಯೋ! ಯಾಕ್ಲಾ ಬೋಳಿಸ್ದೆ?"

"ನೀನು ಸತ್ತೋದ್ಯಲ್ಲವ್ವ!"

"ನಿನ್ನ ಮುಂದೇ ನಿಂತಿವ್ನಿ ಕಣ್ಲಾ!"

"ನೀನು ಒಬ್ಬಳು ಹೇಳ್ತೀಯ. ಅವರು ಒಂಬತ್ತು ಜನ ಅವ್ರೆ!"

ಆ ಬೋಳುತಲೆ ನೋಡಿ ಅರ್ಧ ಬೀದಿ ನಂಬಿಬುಡ್ತು. ಪಾಪ, ದ್ಯಾವಮ್ಮ ಮನೆಮನೆಗೂ ಹೋಗಿ, "ಬೇಕಾದ್ರೆ ಚಿವುಟಿ ನೋಡ್ರವ್ವ" ಅಂತ ಕೈ ಚಾಚಿದ್ಲು. ಕೆಲವರು ಚಿವುಟಿದ್ರು. ಕೆಲವರು ಬಾಗಿಲೇ ತೆಗೀನಿಲ್ಲ.

ಓಟಿನ ದಿನ ಮಗನ ಕಿವಿ ಹಿಂಡಿದ್ಲು. "ಇವತ್ತು ಯಾರ ಮಾತೂ ಕೇಳ್ಬ್ಯಾಡ! ನಿನ್ನ ಕಣ್ಣಾರ ನನ್ನ ನೋಡು, ನೋಡಿ ನಂಗೇ ಮುದ್ರೆ ಒತ್ತು. ತಿಳೀತಾ?"

"ಆಯ್ತು ಕಣವ್ವ!"

ಒಳಗೆ ಕಾಗದ ಕೊಟ್ರು, ಮುದ್ರೆ ಕೊಟ್ರು. ಕಾಗದದಲ್ಲಿ ಕ್ಯಾತಣ್ಣನ ಗುರುತು ಟ್ರ್ಯಾಕ್ಟರು, ದ್ಯಾವಮ್ಮನ ಗುರುತು ಹೊಲಿಗೆ ಮಿಷನ್ನು. ಹಿಂದುಮುಂದು ತಿರುಗಿಸಿ ನೋಡ್ದ.

"ಸಾಮೀ, ಇದ್ರಲ್ಲಿ ನಮ್ಮವ್ವ ಇಲ್ಲ!"

"ಬೇಗ ಒತ್ತಯ್ಯ!"

ಅನ್ನೋದೇ ತಡ, ಮುದ್ರೆ ಹಿಡ್ಕೊಂಡು ಆಚೆಗೆ ಓಟ! ಹಿಂದೆ ಪೊಲೀಸು. ದ್ಯಾವಮ್ಮ ದೂರದಲ್ಲಿ ಹುಣಸೇಮರದಡಿ ನಿಂತಿದ್ಲು. ಕಣ್ಣಾರ ನೋಡ್ದ. ಅವಳ ಹಣೆ ಮ್ಯಾಲೆ ಧಪ್ ಅಂತ ಒತ್ತೇಬುಟ್ಟ!

"ನಿಂಗೇ ಕಣವ್ವ!"

ಎಣಿಸಿದ್ರು. ಇಬ್ಬರಿಗೂ ಸಮ. ಚೀಟಿ ಎತ್ತಿದ್ರು, ಕ್ಯಾತಣ್ಣನ ಹೆಸರು ಬಂತು. ಗೆಲ್ಲಿಸೋ ಆ ಒಂದು ಓಟು ಮೂರು ದಿನ ಉಜ್ಜಿದ್ರೂ ಹೋಗ್ದೆ, ದ್ಯಾವಮ್ಮನ ಹಣೆ ಮ್ಯಾಲೆ ನೇರಳೆ ಬಣ್ಣಕ್ಕೆ ಕೂತಿತ್ತು.