ಮುಳುಗದ ಹೊತ್ತಿನ ಹಾರಾಟ

“ಕೇಳಿರಯ್ಯಾ, ಕೇಳಿರಿ! ಮಹಾರಾಣಿಯವರು ಪಡುವಣ ಕಡಲಾಚೆಯ ತವರಿನಲ್ಲಿ ಹಾಸಿಗೆ ಹಿಡಿದಿದ್ದಾರೆ. ಮೂರು ಒಗಟು ಬಿಡಿಸಿ, ರಾಜಕುಮಾರಿಯನ್ನು ಮರದ ಹಕ್ಕಿಯಲ್ಲಿ ಅಲ್ಲಿಗೆ ಮುಟ್ಟಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದರೆ ತಲೆದಂಡ!”

ಡಂಗುರ ಸಾರಿದ ಬೆಳಿಗ್ಗೆಯೇ ಇಬ್ಬರು ಸೋತರು. ಹಕ್ಕಿಯನ್ನು ಕಟ್ಟಿ ಹಾರಿಸುತ್ತಿದ್ದ ಬಡಗಿ ಕಾಳೋಜ ಸಾಯುವ ಮುನ್ನ ಒಗಟುಗಳ ಉತ್ತರವನ್ನು ರಾಜನ ಕಿವಿಯಲ್ಲಿ ಉಸುರಿದ್ದ. “ಯಾರಿಗೂ ಹೇಳಿಕೊಡಬೇಡಿ. ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ? ತಾನೇ ಯೋಚಿಸಬಲ್ಲವನು ಮಾತ್ರ ಬಾನಿನಲ್ಲಿ ಬದುಕುತ್ತಾನೆ” ಎಂದಿದ್ದ.

ಮೊದಲ ಒಗಟು ಇದು: “ಊರು ಇರುವುದು ನೇರ ಪಡುವಣಕ್ಕೆ. ಹಕ್ಕಿ ಮಾತ್ರ ವಾಯವ್ಯಕ್ಕೆ ಕೊಕ್ಕು ತಿರುಗಿಸಿ ಹೊರಡುತ್ತದೆ. ಆದರೂ ಅದೇ ಹತ್ತಿರದ ದಾರಿ. ಹೇಗೆ?”

“ಹಿಮಗಿರಿಗೆ ಕೈಮುಗಿಯಲು” ಎಂದ ನೆರೆನಾಡಿನ ರಾಜಕುಮಾರ. “ಬೆಟ್ಟ ತಪ್ಪಿಸಲು” ಎಂದ ಕಂಬಳಿ ನೇಯುವ ಚೌಡಣ್ಣ. ಇಬ್ಬರಿಗೂ ಕೋಳ ಬಿತ್ತು. ಹೊತ್ತು ಮುಳುಗಿದೊಡನೆ ಶಿಕ್ಷೆ.

ಸುದ್ದಿ ಕೇಳಿ ಚೌಡಣ್ಣನ ತಮ್ಮ ಬೊಮ್ಮ ಓಡಿ ಬಂದಾಗ ಮೂರನೆಯ ಜಾವ. ಅಂಗಳದಲ್ಲಿ ರಾಜಕುಮಾರಿ ಕೇತಲೆ ಗಂಟು ಹೆಗಲಿಗೇರಿಸಿ ಅತ್ತಿಂದಿತ್ತ ನಡೆಯುತ್ತಿದ್ದಳು. “ಬೇಗ ಕೇಳಿ ಅಪ್ಪಾಜಿ! ಇಂದಿನ ಸಂಜೆ ದಾಟುವುದು ಅಮ್ಮನಿಗೆ ಕಷ್ಟ ಎಂದಿದ್ದಾರೆ ಜೋಯಿಸರು.”

ಮೊದಲ ಒಗಟು ಕೇಳಿ ಬೊಮ್ಮ ಒಂದು ಕುಂಬಳಕಾಯಿ ತರಿಸಿದ. ತೊಟ್ಟಿನಿಂದ ಸಮದೂರದ ಎರಡು ಕಡೆಗಳ ನಡುವೆ ಸೊಂಟದ ಉಣ್ಣೆದಾರವನ್ನು ಬಿಗಿಯಾಗಿ ಎಳೆದು ಹಿಡಿದ. ದಾರ ತಾನಾಗಿ ತೊಟ್ಟಿನ ಕಡೆಗೆ, ಎಂದರೆ ಬಡಗಣಕ್ಕೆ, ಬಾಗಿತು. “ಭೂಮಿ ದುಂಡಗಿದೆ, ಬುದ್ಧಿ. ದುಂಡಗಿನದರ ಮೇಲೆ ಹತ್ತಿರದ ದಾರಿ ಹೀಗೇ ಬಾಗುತ್ತದೆ.”

ರಾಜ ತಲೆದೂಗಿದ. “ಹೋಗಲು ನಾಲ್ಕು ಜಾವ ಬೇಕಾದ ದಾರಿಯನ್ನು ಬರುವಾಗ ಎರಡೇ ಜಾವದಲ್ಲಿ ಮುಗಿಸಬಹುದು. ದಾರಿ ಕುಗ್ಗಿತೇ?”

“ದಾರಿ ಅಷ್ಟೇ ಇದೆ, ಬುದ್ಧಿ. ಹೋಗುವಾಗ ಎದೆಗೆ ಹೊಡೆದ ಗಾಳಿ ಬರುವಾಗ ಬೆನ್ನು ತಳ್ಳುತ್ತದೆ.”

“ಸರಿ. ನಡುಹಗಲಿಗೆ ಏರಿದವನು ದಿನವಿಡೀ ಹಾರಿ ಇಳಿದರೆ, ಅಲ್ಲಿಯೂ ಅದೇ ನಡುಹಗಲು. ಹಸಿವು ಮಾತ್ರ ಇಡೀ ದಿನದ್ದು. ನಡುವಿನ ಹೊತ್ತನ್ನು ನುಂಗಿದವರು ಯಾರು?”

ಬೊಮ್ಮ ಅಂಗಳದ ಕಂಬದತ್ತ ನೋಡಿದ. ಅಲ್ಲಿ ಕಟ್ಟಿದ್ದ ಅಣ್ಣನ ನೆರಳು ಉದ್ದವಾಗುತ್ತಿತ್ತು. ಈ ಸೂರ್ಯ ಹೀಗೇ ನಿಲ್ಲಬಾರದೇ ಎಂದುಕೊಂಡ. ನಿಲ್ಲುವುದಿಲ್ಲ, ಹೋಗುತ್ತಾನೆ. ಎಲ್ಲಿಗೆ? ಪಡುವಣಕ್ಕೆ, ರಾಣಿಯ ತವರಿಗೇ!

“ಯಾರೂ ನುಂಗಿಲ್ಲ, ಬುದ್ಧಿ!” ಬೊಮ್ಮ ಕೂಗಿಬಿಟ್ಟ. “ಅವನು ಸೂರ್ಯನ ಜೊತೆಯಲ್ಲೇ ಹಾರಿದ. ಇಲ್ಲಿ ಹೊತ್ತು ಇಳಿದರೂ ಅಲ್ಲಿ ಇನ್ನೂ ಇಳಿದಿರುವುದಿಲ್ಲ. ಹೊತ್ತು ಒಂದೊಂದು ಊರಿಗೆ ಒಂದೊಂದು.”

ಕೇತಲೆ ನಿಂತಲ್ಲೇ ನಿಂತಳು. “ಹಾಗಾದರೆ ಅಮ್ಮನಿಗೆ ಇನ್ನೂ ಸಂಜೆಯಾಗಿಲ್ಲ!”

“ಮೂರೂ ಸರಿ” ಎಂದ ರಾಜ. “ಏನು ಬೇಕಯ್ಯಾ?”

“ಆ ಇಬ್ಬರ ಜೀವ. ಈಗಲೇ.”

ಕೋಳ ಕಳಚುವ ಸದ್ದು ಕೇಳಿದ ಮೇಲೆಯೇ ಬೊಮ್ಮ ಹಕ್ಕಿ ಏರಿ ಹಗ್ಗ ಹಿಡಿದ. ಎದುರುಗಾಳಿ ರೆಕ್ಕೆಗಳನ್ನು ನಡುಗಿಸಿತು. ಕೇತಲೆ ಹಿಂದಿನಿಂದ “ಇನ್ನೂ ಬೇಗ, ಇನ್ನೂ ಬೇಗ” ಎನ್ನುತ್ತಲೇ ಇದ್ದಳು. ಕಡಲಿನ ಮೇಲೆ ತೂಗಿದ ಸೂರ್ಯ ಎಷ್ಟು ಹಾರಿದರೂ ಮುಳುಗಲಿಲ್ಲ.

ಇಳಿದಾಗ ಅಲ್ಲಿ ಇನ್ನೂ ಬಿಸಿಲಿತ್ತು. ರಾಣಿ ಮಗಳ ಕೈಯಿಂದ ಎರಡು ಗುಟುಕು ಗಂಜಿ ಕುಡಿದಳು. ಆ ಸಂಜೆ ದಾಟಿತು, ರಾತ್ರಿಯೂ ದಾಟಿತು.

ತಿಂಗಳು ಕಳೆದು ತಾಯಿ-ಮಗಳಿಬ್ಬರನ್ನೂ ಕರೆತಂದ ಬೊಮ್ಮನಿಗೆ ರಾಜ ಮರದ ಹಕ್ಕಿಯನ್ನೂ ಒಂದು ಊರನ್ನೂ ಕೊಟ್ಟ. ಜನಜಂಗುಳಿಯಲ್ಲಿ ನುಗ್ಗಿ ಬಂದ ಚೌಡಣ್ಣ ತಮ್ಮನ ಭುಜ ಹಿಡಿದು ಕೇಳಿದ: “ಹೆದರಿದೆಯೇನೋ?”

“ಹೂಂ ಅಣ್ಣಾ. ಇಳಿಯುವ ತನಕ.”