ಅಲುಗಾಡದ ಅಂಕಿ

“ಗುರುಗಳೇ, ನನಗೆ ಸಂನ್ಯಾಸ ಕೊಡಲು ಏಕೆ ತಡಮಾಡುತ್ತಿದ್ದೀರಿ? ಹಳೆಯ ನಾನು ಹೇಳಹೆಸರಿಲ್ಲದಂತೆ ಅಳಿದುಹೋಗಲಿ. ಹೊಸಬ ತಾನಾಗಿ ಬರುತ್ತಾನೆ” ಎಂದು ಶಿಷ್ಯ ಕೇಳಿದ.

ಪುರಾಣದಿಂದ ಏನಾದರೂ ಹೇಳುತ್ತಾರೆಂದು ಕೈಕಟ್ಟಿ ಕುಳಿತ. ಗುರುಗಳು ಕಂಪ್ಯೂಟರಿನ ಕತೆ ಹೇಳಿದರು.

ಒಬ್ಬ ಪ್ರೋಗ್ರಾಮರ್ ಇದ್ದ. ಆಸ್ಪತ್ರೆಯಲ್ಲಿ ರೋಗಿಯ ಎದೆಬಡಿತ ಕಾಯುವ ಯಂತ್ರಕ್ಕೆ ಕರ್ನಲ್ ಬರೆಯುವುದು ಅವನ ಕೆಲಸ. ಕರ್ನಲ್ ಎಂದರೆ ಯಂತ್ರದೊಳಗಿನ ಯಜಮಾನ. ಯಾವ ಪ್ರೋಗ್ರಾಂ ಬಂದರೂ ಜಾಗ ಕೊಟ್ಟು ಕೆಲಸಕ್ಕೆ ಹಚ್ಚುವುದು ಅದೇ. ಇರುವುದು ಒಂದೇ ಜಾಗ. ಅಲ್ಲಿ ಕುಳಿತು ಎದೆಬಡಿತ ಎಣಿಸಿ ಪರದೆಗೆ ಅಂಕಿ ಬರೆಯುವ, ಅಪಾಯವಾದರೆ ಗಂಟೆ ಬಾರಿಸುವ ಹಳೆಯ ಪ್ರೋಗ್ರಾಂ, ನನ್ನ ಬದಲು ಇದನ್ನು ಕೂರಿಸು ಎಂದು ಹೊಸದನ್ನು ತೋರಿಸುತ್ತದೆ. ಕರ್ನಲ್ ಹಳೆಯದನ್ನು ಅಳಿಸಿ ಹೊಸದನ್ನು ಕೂರಿಸುತ್ತದೆ. ಹೊಸದು ಸರಿಯಿಲ್ಲವಾದರೆ ಕೇಳಿಕೊಂಡವರಿಗೆ, ಎಂದರೆ ಆ ಹಳೆಯದಕ್ಕೇ, ಹಾಗೆಂದು ತಿಳಿಸಬೇಕು. ವರ್ಷಗಟ್ಟಲೆ ಎಲ್ಲವೂ ಸರಿಯಾಗಿಯೇ ನಡೆಯಿತು. ಪ್ರೋಗ್ರಾಮರ್ ನಿಶ್ಚಿಂತನಾಗಿದ್ದ, ನಿನ್ನ ಹಾಗೆ.

ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಕರೆ ಬಂತು. ಅವನು ಹೋದಾಗ ಒಬ್ಬ ಹೆಂಗಸು ಗಂಡನ ಮಂಚದ ಪಕ್ಕ ನಿಂತಿದ್ದಳು.

“ಯಂತ್ರ ಕೂಗಲಿಲ್ಲವೇನಮ್ಮಾ?” ಎಂದು ಕೇಳಿದ.

“ಇಲ್ಲ ಸಾರ್. ಎಪ್ಪತ್ತೆರಡು ಅಂತ ತೋರಿಸ್ತಾ ಇತ್ತು. ಅಂಕಿ ಅಲ್ಲಾಡಲೇ ಇಲ್ಲ. ಸದ್ಯ ಹುಷಾರಾದ್ರು ಅಂದ್ಕೊಂಡು ಊಟಕ್ಕೆ ಎದ್ದೆ. ಹೊದಿಕೆ ಸರಿಮಾಡೋಣ ಅಂತ ಮುಟ್ಟಿದ್ರೆ, ಕಾಲು ತಣ್ಣಗಿತ್ತು.”

ಡಾಕ್ಟರು ಓಡಿ ಬಂದದ್ದರಿಂದ ಅವಳ ಗಂಡನ ಪ್ರಾಣ ಉಳಿದಿತ್ತು.

ಪ್ರೋಗ್ರಾಮರ್ ಯಂತ್ರದೊಳಗೆ ಹುಡುಕಿದ. ತಪ್ಪಾಯಿತೆಂಬ ಒಂದು ಮಾತೂ ಸಿಗಲಿಲ್ಲ. ಕೊನೆಗೆ ತಿಳಿಯಿತು. ಆ ದಿನ ಬಂದ ಹೊಸ ಪ್ರೋಗ್ರಾಂ ಅರ್ಧಕ್ಕೇ ತುಂಡಾಗಿತ್ತು. ಕರ್ನಲ್ ಮೊದಲು ಹಳೆಯದನ್ನು ಅಳಿಸಿತು, ಆಮೇಲೆ ಹೊಸದನ್ನು ಓದಿ ನೋಡಿತು. ಇದು ಸರಿಯಿಲ್ಲ ಎಂದು ಹೇಳಲು ತಿರುಗಿದರೆ, ಕೇಳಿಕೊಂಡವರೇ ಇರಲಿಲ್ಲ. ಹಳೆಯದು ಕೊನೆಯದಾಗಿ ಬರೆದ ಅಂಕಿ ಮಾತ್ರ ಪರದೆಯ ಮೇಲೆ ಉಳಿದಿತ್ತು.

ಅವನಿಗೆ ಭಯವಾಯಿತು. ಕೆಟ್ಟಾಗ ಕಿರುಚುವ ಯಂತ್ರಗಳನ್ನು ಅವನು ಬೇಕಾದಷ್ಟು ಕಂಡಿದ್ದ. ಹೀಗೆ ನೆಮ್ಮದಿಯ ಮುಖ ತೋರಿಸುತ್ತಲೇ ಸತ್ತದ್ದನ್ನು ಕಂಡಿರಲಿಲ್ಲ. ಅಂಥ ಯಂತ್ರಗಳು ಇನ್ನೂ ಎಷ್ಟೋ ಮಂಚಗಳ ಪಕ್ಕದಲ್ಲಿದ್ದವು. ಹೊಸದನ್ನು ಯಾರೂ ಹಾಕಬೇಡಿ ಎಂದು ಎಲ್ಲ ಕಡೆಗೂ ಹೇಳಿ ಕಳಿಸಿದ. ಆದರೂ ಫೋನ್ ಸದ್ದಾದರೆ ಅವನ ಎದೆ ಧಸಕ್ಕೆನ್ನುತ್ತಿತ್ತು. ಅನ್ನ ಸೇರುತ್ತಿರಲಿಲ್ಲ.

ತಿದ್ದಬೇಕಾದದ್ದು ಬಹಳವೇನಿರಲಿಲ್ಲ. ಅಳಿಸುವ ಸಾಲನ್ನು ಕೆಳಕ್ಕೆ ಇಳಿಸಿದ, ಓದಿ ನೋಡುವ ಸಾಲುಗಳನ್ನು ಮೇಲಕ್ಕೆ ತಂದ. ಆಮೇಲೆ ರೋಗಿಯಿಲ್ಲದ ಒಂದು ಯಂತ್ರಕ್ಕೆ ಬೇಕೆಂದೇ ತುಂಡು ಪ್ರೋಗ್ರಾಂ ಕೊಟ್ಟು, ಪರದೆಯನ್ನೇ ನೋಡುತ್ತ ಕುಳಿತ. ಇದು ಸರಿಯಿಲ್ಲ ಎಂದು ಕರ್ನಲ್ ಹೇಳಿತು. ಹಳೆಯದು ತನ್ನ ಜಾಗದಲ್ಲೇ ಇತ್ತು. ಅದು ಕೇಳಿಸಿಕೊಂಡು ಗಂಟೆ ಬಾರಿಸಿತು. ಆ ಕರ್ಕಶ ಸದ್ದು ಕೇಳಿ ಪ್ರೋಗ್ರಾಮರ್ ಅತ್ತುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು.

“ಅದು ಯಂತ್ರದ ಮಾತಾಯಿತು. ನನ್ನ ಮನಸ್ಸು ಈಗ ಸ್ವಲ್ಪವೂ ಅಲುಗಾಡುವುದಿಲ್ಲ” ಎಂದ ಶಿಷ್ಯ.

ಗುರುಗಳ ಮುಖದಲ್ಲಿ ಗಾಬರಿ ಕಾಣಿಸಿತು. ಅವರು ಬಾಗಿ ಶಿಷ್ಯನ ಕಾಲು ಮುಟ್ಟಿ ನೋಡಿದರು.

“ಇನ್ನೂ ಬೆಚ್ಚಗಿದೆ. ಮಗು, ಮೊದಲು ಆ ಹೊಸಬನನ್ನು ತೋರಿಸು.”